ಕೆಂಪು ದೀಪ ಹತ್ತಿದ ರಾತ್ರಿ ಡ್ರಮ್ಮಿನ ನೀರು ಬಡಿದವರು ಯಾರು?

ನಂಬುವವರು ನಂಬಿ, ನಗುವವರು ನಗಿ. ಎರಡರಿಂದಲೂ ನನಗೆ ಆಗಬೇಕಾದ್ದು ಏನೂ ಇಲ್ಲ. ಆ ರಾತ್ರಿ ವ್ಯಾನಿನಲ್ಲಿ ನಾನಿದ್ದೆ, ನನ್ನ ಅತ್ತಿಗೆ ಇದ್ದರು, ಇಬ್ಬರೂ ಇವತ್ತಿಗೂ ಗಟ್ಟಿಮುಟ್ಟಾಗಿದ್ದೇವೆ. ಅತ್ತಿಗೆಯನ್ನು ಕೇಳಿದರೆ ಮಾತ್ರ ಅವರು ಬಾಯಿ ಬಿಡುವುದಿಲ್ಲ. ಒಲೆ ಮೇಲೆ ಏನೋ ಇಟ್ಟಿದ್ದೇನೆ ಎಂದು ಎದ್ದು ಒಳಗೆ ಹೋಗಿಬಿಡುತ್ತಾರೆ. ಹಾಗಾಗಿ ನಾನೇ ಹೇಳಬೇಕು.

ದೆವ್ವ ಎಂದರೆ ಬೆವರುವ ಹೆಂಗಸು ನಾನಲ್ಲ. ಮೀನು ಸಾಕಿ ಮಾರುವವಳು. ತಿನ್ನುವ ಮೀನಲ್ಲ, ಗಾಜಿನ ತೊಟ್ಟಿಯಲ್ಲಿಟ್ಟು ನೋಡುವ ಬಣ್ಣದ ಮೀನು. ಅಬ್ಬಿಗೆರೆ ಪಕ್ಕದ ಸಿಂಗಾಪುರದ ನಮ್ಮ ಹಳೆಯ ಹಿತ್ತಲಿನಲ್ಲಿ ಅಪ್ಪ ಒಂದು ಸಿಮೆಂಟಿನ ತೊಟ್ಟಿ ಕಟ್ಟಿಸಿ ಈ ಕಸುಬು ಶುರುಮಾಡಿದ್ದರು. ಅಪ್ಪ ಹೋದ ಮೇಲೆ ನೆಲ ಅಣ್ಣನ ಪಾಲಿಗೆ ಹೋಯಿತು. ಮೀನು ಮತ್ತು ಅಪ್ಪನ ಹಳೆಯ ಪೆಟ್ರೋಲ್ ವ್ಯಾನು ನನಗೆ ಬಂದವು. ಆರ್.ಟಿ. ನಗರದಿಂದ ಯಶವಂತಪುರದವರೆಗೆ ಅಂಗಡಿ ಅಂಗಡಿಗೆ ನಾನೇ ಓಡಿಸಿಕೊಂಡು ಹೋಗಿ ಮೀನು ಕೊಟ್ಟು ಬರುತ್ತೇನೆ.

ಅಣ್ಣ ಆ ನೆಲವನ್ನು ಅಪಾರ್ಟ್‌ಮೆಂಟು ಕಟ್ಟುವವರಿಗೆ ಕೊಟ್ಟ. ಕೊಡಲಿ, ಅವನ ನೆಲ. ಆದರೆ ತೊಟ್ಟಿ ಒಡೆಯುವ ದಿನ ಯಾವುದೆಂದು ನನಗೆ ಹೇಳಿದ್ದು ಹಿಂದಿನ ದಿನ ಮಧ್ಯಾಹ್ನ, ಊಟಕ್ಕೆ ಕೂತಾಗ.

"ನಾಳೆ ಬೆಳಿಗ್ಗೆ ಜೆಸಿಬಿ ಬರುತ್ತೆ ರತ್ನ. ಮೀನು ಗೀನು ಏನಿದ್ರೂ ಇವತ್ತೇ ಖಾಲಿ ಮಾಡ್ಕೊ."

"ಒಂದ್ ವಾರ ಟೈಮ್ ಕೊಡು ಅಣ್ಣ. ಹೆಸರಘಟ್ಟದ ಕಡೆ ತೊಟ್ಟಿ ಬಾಡಿಗೆಗೆ ಹಿಡಿದಿದ್ದೀನಿ. ನಿಧಾನವಾಗಿ ಸಾಗಿಸ್ತೀನಿ."

"ನಿನ್ ಮೀನಿಗೋಸ್ಕರ ಬಿಲ್ಡರ್ ಕಾಯ್ತಾನೇನೆ? ಆ ಡಬ್ಬ ವ್ಯಾನು, ಆ ಮೀನು, ಎರಡನ್ನೂ ಮಾರಿ ನೆಮ್ಮದಿಯಾಗಿ ಮನೇಲಿರು."

ಮೈಯೆಲ್ಲ ಉರಿದುಹೋಯಿತು. ತಟ್ಟೆಯನ್ನು ಅಲ್ಲೇ ಬಿಟ್ಟು ಎದ್ದೆ. ಸಣ್ಣ ಮೀನುಗಳನ್ನು ಸಂಜೆಯೊಳಗೆ ಗೊತ್ತಿರುವ ಅಂಗಡಿಗಳಿಗೆ ಹಂಚಿಬಿಟ್ಟೆ. ಉಳಿದದ್ದು ತಾಯಿ ಮೀನುಗಳು. ಮೊಳಕೈ ಉದ್ದದ ಹತ್ತು ಹನ್ನೆರಡು ಕೊಯ್ ಮೀನುಗಳು, ಅಪ್ಪನ ಕಾಲದವು. ಮೊಟ್ಟೆಯಿಡುವುದು ಅವೇ. ಅವು ಸತ್ತರೆ ನನ್ನ ಕಸುಬೂ ಅಲ್ಲಿಗೆ ಮುಗಿಯಿತು. ಅಂಥವನ್ನು ಮತ್ತೆ ಬೆಳೆಸುವಷ್ಟು ಆಯಸ್ಸು ನನಗಿಲ್ಲ.

ಬಿಸಿಲಿನಲ್ಲಿ ಮೀನು ಸಾಗಿಸುವುದಿಲ್ಲ. ನೀರು ಕಾದರೆ ಅದರೊಳಗಿನ ಗಾಳಿ ಹೋಗಿಬಿಡುತ್ತದೆ. ಅದಕ್ಕೇ ರಾತ್ರಿ ಹೊರಡುವುದು ಎಂದುಕೊಂಡೆ. ದೊಡ್ಡ ನೀಲಿ ಡ್ರಮ್ಮಿಗೆ ನೀರು ತುಂಬಿ, ಮೀನುಗಳನ್ನು ಒಂದೊಂದಾಗಿ ಒದ್ದೆ ಬಟ್ಟೆಯಲ್ಲಿ ಎತ್ತಿ ಇಳಿಸಿದೆ. ಬ್ಯಾಟರಿಯಿಂದ ವೈರು ಎಳೆದು ಗಾಳಿ ಪಂಪು ಹಾಕಿದೆ. ಬೆಳಕು ಬಿದ್ದರೆ ಮೀನು ಗಾಬರಿಯಾಗುತ್ತದೆಂದು ಮುಂದಿನ ಸೀಟಿನ ಹಿಂದೆ ಕಪ್ಪು ಬಟ್ಟೆ ಇಳಿಬಿಟ್ಟೆ. ಹಿಂದಿನ ಬಾಗಿಲಿನ ಗಾಜಿಗೂ ಅದೇ ಬಟ್ಟೆ.

ಕೀ ಹಾಕುವ ಹೊತ್ತಿಗೆ ಅತ್ತಿಗೆ ಸೆರಗು ಸಿಕ್ಕಿಸಿಕೊಂಡು ಬಂದು ಪಕ್ಕದಲ್ಲಿ ಕೂತರು. ಅವರು ಹೆಸರಘಟ್ಟದ ಕಡೆಯ ಹಳ್ಳಿಯವರು. ಮದುವೆಯಾಗಿ ಬಂದಾಗಿನಿಂದ ಆ ಮೀನುಗಳಿಗೆ ನನ್ನಷ್ಟೇ ತಿಂಡಿ ಹಾಕಿದವರು.

"ನಿಮ್ಮಣ್ಣ ಮಲಗವ್ರೆ. ಒಬ್ಳೇ ಎಂಗ್ ಇಳಿಸ್ತೀಯ? ನಾನೂ ಬತ್ತೀನಿ ನಡಿ."

ಇಲ್ಲಿ ಇನ್ನೊಂದು ಮಾತು ಹೇಳಬೇಕು. ಗಾಳಿ ಪಂಪು ಬರುವ ಮೊದಲು ಮೀನು ಸಾಗಿಸುವವರು ದಾರಿಯುದ್ದಕ್ಕೂ ಅಂಗೈಯಿಂದ ನೀರು ಬಡಿಯುತ್ತ ಕೂರಬೇಕಿತ್ತು. ಬಡಿದರೆ ನೀರಿಗೆ ಗಾಳಿ ಸೇರುತ್ತದೆ. ಒಬ್ಬೊಬ್ಬರ ಕೈಯದು ಒಂದೊಂದು ಲಯ. ಅಪ್ಪನದು ಎರಡು ಏಟು, ಒಂದು ಬಿಡುವು. ತಪ್ ತಪ್... ತಪ್ ತಪ್... ತಿಂಡಿ ಹಾಕುವಾಗಲೂ ತೊಟ್ಟಿಯ ನೀರಿಗೆ ಅದೇ ಎರಡು ಏಟು ಹಾಕುತ್ತಿದ್ದರು. ಕೇಳಿದ ಕೂಡಲೇ ಮೀನುಗಳೆಲ್ಲ ಬಾಯಿ ತೆರೆದುಕೊಂಡು ಮೇಲೆ ಬರುತ್ತಿದ್ದವು. ನಾನೂ ಅದನ್ನೇ ಕಲಿತೆ. ನಮ್ಮ ಮೀನುಗಳಿಗೆ ಗೊತ್ತಿದ್ದ ಕರೆ ಅದೊಂದೇ.

ಇನ್ನು ಆ ವ್ಯಾನು. ಸ್ಟೇರಿಂಗಿನ ಹಿಂದೆ, ಬ್ಯಾಟರಿಯ ಚಿತ್ರವಿರುವ ಪುಟ್ಟ ಕೆಂಪು ದೀಪ ಒಂದಿದೆ. ಕೀ ತಿರುಗಿಸಿದಾಗ ಹತ್ತಬೇಕು, ಇಂಜಿನ್ ಶುರುವಾದ ಕೂಡಲೇ ಆರಬೇಕು. ಓಡುವಾಗ ಹತ್ತಿತೋ, ಬ್ಯಾಟರಿಗೆ ಚಾರ್ಜ್ ಆಗುತ್ತಿಲ್ಲ ಎಂದೇ ಅರ್ಥ. ಒಳಗೆ ಇದ್ದಷ್ಟು ಕರೆಂಟು ಮುಗಿಯುವವರೆಗೆ ಗಾಡಿ ಓಡುತ್ತದೆ, ಆಮೇಲೆ ಎಲ್ಲಿದ್ದರೆ ಅಲ್ಲಿ ನಿಲ್ಲುತ್ತದೆ. ಆ ವರ್ಷ ಮಳೆ ಕಡಿಮೆಯಾಗುವ ಹೊತ್ತಿಗೆ ದೀಪ ಆಗಾಗ ಮಿನುಗತೊಡಗಿತ್ತು. ಬಾಗಲಗುಂಟೆಯಲ್ಲಿ ನನ್ನ ಮೆಕ್ಯಾನಿಕ್ ನವೀನ ಬೆಲ್ಟ್ ಬಿಗಿ ಮಾಡಿ, ಸೀಟಿನ ಕೆಳಗಿನ ಆಲ್ಟರ್ನೇಟರನ್ನು ಬೆರಳಿಟ್ಟು ತೋರಿಸಿದ.

"ನೋಡಿ ಅಕ್ಕ, ಕರೆಂಟ್ ಹುಟ್ಟೋದು ಇದರಲ್ಲೇ. ಬೆಲ್ಟ್ ಇದನ್ನ ತಿರುಗಿಸ್ಬೇಕು, ಇದು ಬ್ಯಾಟರಿ ತುಂಬಿಸ್ಬೇಕು. ಇದು ಮುನಿಸ್ಕೊಂಡ್ರೆ ನಿಮ್ ಗಾಡಿ ಕತೆ ಮುಗೀತು."

ಆ ದಿನ ಅತ್ತಿಗೆಯೂ ಜೊತೆಗಿದ್ದರು. ಬಹಳ ಗಮನವಿಟ್ಟು ಕೇಳಿಸಿಕೊಂಡರು. ಎಷ್ಟು ಗಮನವಿಟ್ಟು ಎಂಬುದು ನನಗೆ ಆಮೇಲೆ ತಿಳಿಯಿತು.

ಆಯುಧಪೂಜೆ ಕಳೆದ ಮೇಲೆ ದೀಪ ಮತ್ತೆ ಕಾಣಿಸಿಕೊಂಡಿತು. ಈ ಸಲ ಹೆಡ್‌ಲೈಟ್ ಹಾಕಿದಾಗ ಮಾತ್ರ. ನಾನು ಸುಮ್ಮನಿರಲಿಲ್ಲ. ಬ್ಯಾಟರಿಯ ತುದಿಗಳಲ್ಲಿ ಕಟ್ಟಿದ್ದ ಬಿಳಿ ಪುಡಿಯನ್ನು ಬಿಸಿನೀರಿನಲ್ಲಿ ತೊಳೆದೆ, ವೈರುಗಳನ್ನು ಒಂದೊಂದಾಗಿ ಎಳೆದು ನೋಡಿದೆ, ಮೀಟರ್ ಇಟ್ಟು ಅಳೆದೆ. ಹಗಲಲ್ಲಿ ಎಲ್ಲ ಸರಿ ಇತ್ತು. ಅಣ್ಣ ಬಾಗಿಲಲ್ಲಿ ನಿಂತು ನಗುತ್ತಿದ್ದ. ಅವನ ನಗುವಿಗೇ ನನಗೆ ಹಟ ಬಂತು. ಈ ವ್ಯಾನು ಓಡುತ್ತದೆ, ಓಡಿಸಿ ತೋರಿಸುತ್ತೇನೆ ಎಂದು ಮನಸ್ಸಿನಲ್ಲೇ ಅಂದುಕೊಂಡಿದ್ದೆ.

ಆ ರಾತ್ರಿ ಅಬ್ಬಿಗೆರೆ ದಾಟುವವರೆಗೂ ದೀಪ ಹತ್ತಲಿಲ್ಲ. ಹಿಂದೆ ಪಂಪು ಬುಳು ಬುಳು ಎನ್ನುತ್ತಿತ್ತು. ವ್ಯಾನಿನ ತುಂಬ ಪಾಚಿಯ ವಾಸನೆ, ಹಸಿ ಗೋಣಿಯ ವಾಸನೆ. ಅತ್ತಿಗೆ ಎಲೆಯಡಿಕೆ ಮೆಲ್ಲುತ್ತ ಅಣ್ಣನನ್ನು ಬೈಯುತ್ತಿದ್ದರು. ನಾನು ನಡುನಡುವೆ ಒಂದೊಂದು ಮಾತು ಸೇರಿಸುತ್ತಿದ್ದೆ.

ಚಿಕ್ಕಬಾಣಾವರ ದಾಟಿ ಹೆಸರಘಟ್ಟ ರಸ್ತೆಗೆ ಬಿದ್ದೆವು. ಸೋಲದೇವನಹಳ್ಳಿಯ ದೀಪಗಳು ಹಿಂದಾದ ಮೇಲೆ ಕೆಂಪು ದೀಪ ಒಮ್ಮೆ ಕಣ್ಣು ಮಿಟುಕಿಸಿತು.

ನಾನು ನೋಡದವಳ ಹಾಗೆ ಓಡಿಸಿದೆ.

ಮತ್ತೆ ಮಿಟುಕಿಸಿತು. ಆಮೇಲೆ ಹತ್ತಿಕೊಂಡಿತು, ಆರಲೇ ಇಲ್ಲ. ಸೀಟಿನ ಕೆಳಗಿನಿಂದ ಬೆಲ್ಟು ಕಿರ್ರ್... ಎಂದು ಕಿರುಚಿತು. ರಬ್ಬರು ಸುಟ್ಟ ವಾಸನೆ ಬಂತು. ಅದರ ಜೊತೆಗೆ ಇನ್ನೊಂದು ವಾಸನೆ, ಹೂವು ಬಾಡಿದಂಥದ್ದು. ಆಗ ಅದೇನೆಂದು ಹೊಳೆಯಲಿಲ್ಲ.

"ಏನೇ ಅದು ಕೆಂಪಗೆ?"

"ಏನಿಲ್ಲ ಅತ್ತಿಗೆ. ಹೋಗ್ಬಿಡೋಣ, ಇನ್ನೇನ್ ಬಂತು."

ಹೆಡ್‌ಲೈಟು ಮಂದವಾಗುತ್ತ ಹಳದಿಯಾಯಿತು. ಹಾರ್ನ್ ಒತ್ತಿದರೆ ಕೆಮ್ಮಿತು. ಪಂಪಿನ ಬುಳು ಬುಳು ನಿಧಾನವಾಗತೊಡಗಿತು. ಕೆರೆ ಏರಿಯ ಮೇಲೆ ಹೋಗುವ ರಸ್ತೆಯಲ್ಲಿ, ಒಂದು ಕಡೆ ನೀರು, ಇನ್ನೊಂದು ಕಡೆ ಹುಲ್ಲುಗಾವಲಿನ ಬಯಲು, ಅಲ್ಲಿ ಇಂಜಿನ್ ಎರಡು ಸಲ ಜಗ್ಗಿ ನಿಂತುಬಿಟ್ಟಿತು. ಕೆಂಪು ದೀಪವೂ ಆರಿತು.

ಹಿಂದಿನಿಂದ ಕೊನೆಯದೊಂದು ಗುಳ್ಳೆಯ ಸದ್ದು... ಆಮೇಲೆ ಏನೂ ಇಲ್ಲ.

ನನ್ನ ಜೀವ ಬಾಯಿಗೆ ಬಂತು. ದೆವ್ವಕ್ಕಲ್ಲ, ಮೀನಿಗೆ. ಅಷ್ಟು ದೊಡ್ಡ ಮೀನುಗಳು ಅಷ್ಟು ಇಕ್ಕಟ್ಟಿನಲ್ಲಿ ಗಾಳಿಯಿಲ್ಲದೆ ಹೆಚ್ಚೆಂದರೆ ಕಾಲು ಗಂಟೆ ತಡೆದಾವು.

"ನಿಮ್ಮಣ್ಣಂಗೆ ಪೋನ್ ಮಾಡೇ," ಎಂದರು ಅತ್ತಿಗೆ.

"ಸತ್ರೂ ಮಾಡಲ್ಲ."

ಮಾಡಿದರೂ ಅವನು ಬರುವಷ್ಟರಲ್ಲಿ ಮೀನು ತೇಲುತ್ತಿದ್ದವು. ನಾನು ಕೀ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅತ್ತಿಗೆಯನ್ನು ಹಿಂದಕ್ಕೆ ಕಳಿಸಿದೆ. ಬಾಗಿಲು ತೆಗೆದು, ಡ್ರಮ್ಮಿನ ಪಕ್ಕ ಮಂಡಿಯೂರಿ ಅಂಗೈಯಿಂದ ನೀರು ಬಡಿಯಬೇಕು, ನಿಲ್ಲಿಸಬಾರದು ಎಂದೆ. ಅತ್ತಿಗೆ ಹೋದರು. ತಪ... ತಪತಪ... ತಪ... ಲಯವಿಲ್ಲದ ಬಡಿತ ಕೇಳಿಸಿತು. ಪರವಾಗಿಲ್ಲ, ಗಾಳಿ ಸೇರಿದರೆ ಸಾಕು.

ನಾನು ಸೀಟು ಎತ್ತಿ, ಮೊಬೈಲಿನ ಟಾರ್ಚ್ ಹಲ್ಲಲ್ಲಿ ಕಚ್ಚಿಕೊಂಡು ತಲೆ ಒಳಗೆ ಹಾಕಿದೆ. ಆಲ್ಟರ್ನೇಟರಿನ ಗಾಲಿಯ ಹಿಂದೆ, ಹಗಲಲ್ಲಿ ಕಣ್ಣಿಗೆ ಬೀಳದ ಸಂದಿಯಲ್ಲಿ, ಸುತ್ತಿ ಸುತ್ತಿ ಗಂಟಾಗಿದ್ದ ದಾರ. ದಾರದ ಮಧ್ಯೆ ಕರಕಲಾದ ಚೆಂಡುಹೂವಿನ ಎಸಳು. ಬೆಲ್ಟಿನ ಅಂಚು ಹರಿದು ನಾರುನಾರಾಗಿತ್ತು. ಬೆಲ್ಟಿನ ಒಳಮೈ ಕೈಗೆ ಅಂಟಂಟು. ಮೂಸಿ ನೋಡಿದೆ. ಹುಳಿತ ಕಾಯಿನೀರಿನ ವಾಸನೆ.

ಈಗ ಅರ್ಥವಾಯಿತು. ಎಲ್ಲರೂ ಸ್ಟೇರಿಂಗಿಗೆ ಹೂವು ಮುಡಿಸಿ, ಬಾನೆಟ್ಟಿಗೆ ಕುಂಕುಮ ಇಟ್ಟು ಪೂಜೆ ಮುಗಿಸುತ್ತಾರೆ. ನಮ್ಮ ಅತ್ತಿಗೆ ಹಾಗಲ್ಲ. ಕರೆಂಟು ಹುಟ್ಟುವುದು ಇಲ್ಲೇ, ಇದು ಮುನಿಸಿಕೊಂಡರೆ ಕತೆ ಮುಗಿಯಿತು ಎಂದು ನವೀನ ಹೇಳಿದ್ದನಲ್ಲ. ಸೀಟು ಎತ್ತಿ ನೇರವಾಗಿ ಆಲ್ಟರ್ನೇಟರಿಗೇ ಹಾರ ಹಾಕಿ, ಒಡೆದ ಕಾಯಿಯ ನೀರನ್ನು ಅದರ ತಲೆ ಮೇಲೆ ಹೊಯ್ದಿದ್ದಾರೆ. ಹೂವು ಆಮೇಲೆ ತೆಗೆದಿದ್ದಾರೆ, ದಾರ ಒಳಗೇ ಉಳಿದಿದೆ.

ಸಿಟ್ಟು, ನಗು ಎರಡೂ ಒಟ್ಟಿಗೆ ಬಂದವು. ಎಲೆಯಡಿಕೆ ಕತ್ತರಿಸುವ ಅತ್ತಿಗೆಯ ಚಾಕು ಮುಂದೆಯೇ ಬಿದ್ದಿತ್ತು. ದಾರ ಕತ್ತರಿಸಿ ಕತ್ತರಿಸಿ ಎಳೆದೆ. ಬೆಲ್ಟಿನ ಒಳಮೈಯನ್ನು ಸೆರಗಿನಿಂದ ಉಜ್ಜಿದೆ. ಹಿಂದಿನಿಂದ ನೀರಿನ ಸದ್ದು ಬರುತ್ತಲೇ ಇತ್ತು. ಈಗ ಅದು ಹದಕ್ಕೆ ಬಂದಿತ್ತು. ಕೈ ಪಳಗಿತಲ್ಲ ಎಂದು ಖುಷಿಯಾಯಿತು.

ತಪ್ ತಪ್ ತಪ್... ತಪ್ ತಪ್ ತಪ್...

"ಹಾಗೇ ಬಡೀತಿರಿ ಅತ್ತಿಗೆ. ಸರಿಯಾಗಿದೆ," ಎಂದೆ ಟಾರ್ಚ್ ಕಚ್ಚಿಕೊಂಡೇ.

ದಾರವೆಲ್ಲ ಬಂತು. ಇನ್ನು ಬೆಲ್ಟ್ ಬಿಗಿ ಮಾಡಬೇಕು. ಒಬ್ಬರು ರಾಡಿನಿಂದ ಆಲ್ಟರ್ನೇಟರನ್ನು ಮೀಟಿ ಹಿಡಿದರೆ ಇನ್ನೊಬ್ಬರು ನಟ್ಟು ಬಿಗಿಯಬೇಕು. ಒಬ್ಬಳ ಕೈಯಲ್ಲಿ ಆಗುವ ಕೆಲಸವಲ್ಲ. ಜಾಕ್ ರಾಡು ಎಲ್ಲಿಟ್ಟೆ ಎಂದು ತಲೆ ಎತ್ತದೆ ಎಡಗೈ ಚಾಚಿ ತಡಕಾಡಿದೆ.

ರಾಡು ಅಂಗೈಗೆ ಬಂದು ಕೂತಿತು.

"ಕೈ ಸೋತೋಯ್ತು ಕಣೇ," ಎಂದರು ಅತ್ತಿಗೆ ಎಡಗಡೆಯ ಬಾಗಿಲಲ್ಲಿ ನಿಂತು. "ಅದ್ಕೆ ಇತ್ಲಾಗ್ ಬಂದೆ. ಇಂದ್ಗಡೆ ಬಾಗ್ಲೂ ಲಾಕ್ ಹಾಕ್ಬುಟ್ಟೆ, ನಾಯಿ ಗೀಯಿ ನುಗ್ಗಾತು ಅಂತ."

ತಪ್ ತಪ್ ತಪ್...

ಅತ್ತಿಗೆಯ ಕೈ ನನ್ನ ಕಣ್ಣೆದುರಿಗಿತ್ತು. ಬೆರಳ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

ತಪ್ ತಪ್ ತಪ್...

ಬಾಯಲ್ಲಿದ್ದ ಮೊಬೈಲು ಬಿದ್ದುಹೋಯಿತು. ಸೀಟಿನ ಹಿಂದೆ, ಕಪ್ಪು ಬಟ್ಟೆಯ ಆಚೆ, ನನ್ನ ಕಿವಿಯಿಂದ ಒಂದು ಮಾರು ದೂರದಲ್ಲಿ ಯಾವುದೋ ಅಂಗೈ ನೀರು ಬಡಿಯುತ್ತಿತ್ತು. ಅವಸರವಿಲ್ಲ, ತಡವರಿಕೆಯಿಲ್ಲ. ಬಹಳ ದಿನದಿಂದ ಅದೇ ಕೆಲಸ ಮಾಡಿದವರ ಕೈ ಅದು.

ಅತ್ತಿಗೆಗೂ ಕೇಳಿಸಿತ್ತು. ಅವರ ಬಾಯಲ್ಲಿದ್ದ ಎಲೆಯಡಿಕೆ ಹಾಗೇ ನಿಂತಿತ್ತು.

"ಮಾವ..." ಎಂದರು ಪಿಸುದನಿಯಲ್ಲಿ. "ಮಾವನೇ ಬಂದವ್ರೆ ಕಣೇ."

ಒಂದು ಗಳಿಗೆ ನನಗೂ ಹಾಗೇ ಅನ್ನಿಸಿತು. ಅದು ಅಪ್ಪನೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು! ಅತ್ತು, ಕೈ ಮುಗಿದು, ಅಪ್ಪ ಕಾಪಾಡಿದರು ಎಂದು ಊರೆಲ್ಲ ಹೇಳಿಕೊಂಡು ಬರುತ್ತಿದ್ದೆ.

ಆದರೆ ನಾನು ಎಣಿಸಿದೆ. ಮೂರು ಏಟು, ಒಂದು ಬಿಡುವು. ಮತ್ತೆ ಮೂರು.

"ಅಪ್ಪ ಅಲ್ಲ ಅತ್ತಿಗೆ," ಎಂದೆ. "ಅಪ್ಪ ಎರಡೇ ಬಡೀತಿದ್ರು."

ಅತ್ತಿಗೆ ನನ್ನ ತೋಳು ಹಿಡಿದುಕೊಂಡರು. ಉಗುರು ಚರ್ಮಕ್ಕೆ ನಾಟಿತು. "ಇಳಿಯೇ... ಓಡೋಗೋಣ. ಮೀನ್ ಆಳಾಗ್ ಓಗ್ಲಿ."

ಓಡಬಹುದಿತ್ತು. ಅಥವಾ ಕಪ್ಪು ಬಟ್ಟೆ ಎತ್ತಿ ನೋಡಬಹುದಿತ್ತು. ಕೈ ಬಟ್ಟೆಯ ಅಂಚಿನವರೆಗೂ ಹೋಯಿತು. ಆಗ ಒಂದು ಯೋಚನೆ ಬಂತು. ನೋಡಿದರೆ ನಿಲ್ಲಿಸಿಬಿಟ್ಟರೆ? ನಿಲ್ಲಿಸಿದರೆ ಅತ್ತಿಗೆ ಹೋಗಿ ಬಡಿಯುವುದಿಲ್ಲ, ಇನ್ನು ಸತ್ತರೂ ಹೋಗುವುದಿಲ್ಲ. ನಾನು ಬಡಿಯಲು ಕೂತರೆ ಬೆಲ್ಟು ಬಿಗಿಯುವವರಿಲ್ಲ. ಹೇಗೆ ಲೆಕ್ಕ ಹಾಕಿದರೂ ಮೀನು ಸಾಯುತ್ತವೆ. ಬೆಳಿಗ್ಗೆ ಜೆಸಿಬಿ ತೊಟ್ಟಿ ಒಡೆಯುತ್ತದೆ, ಅಣ್ಣ ಬಾಗಿಲಲ್ಲಿ ನಿಂತು ನಗುತ್ತಾನೆ.

ನನಗೆ ಎಲ್ಲಿಂದ ಬಂತೋ ಆ ಕೋಪ! ಕೈ ಹಿಂದಕ್ಕೆ ಎಳೆದುಕೊಂಡೆ. ಬಟ್ಟೆಯ ಕಡೆ ತಿರುಗಿ ಗಟ್ಟಿಯಾಗಿಯೇ ಕೂಗಿದೆ.

"ಯಾರಾದ್ರೂ ಆಗಿರು, ನಂಗೇನು! ಶುರು ಮಾಡಿದ್ದೀಯಲ್ಲ, ಮುಗಿಸಿ ಹೋಗು. ನಾನು ಹೇಳೋವರೆಗೂ ನಿಲ್ಲಿಸ್ಬೇಡ. ಕೂಲಿ ಗೀಲಿ ಕೇಳಿದ್ರೆ ಒಂದು ಚೂರೂ ಕೊಡಲ್ಲ, ಈಗ್ಲೇ ಹೇಳಿದ್ದೀನಿ!"

ಅತ್ತಿಗೆ ಎರಡು ಕೈಯಿಂದ ನನ್ನ ಬಾಯಿ ಮುಚ್ಚಿದರು. ಅವರ ಕಡೆ ಅಂಥದ್ದಕ್ಕೆ ಉತ್ತರ ಕೊಡಬಾರದಂತೆ, ಕೆಲಸ ಹೇಳುವುದಂತೂ ಆಗಲೇ ಆಗದಂತೆ.

ಬಡಿತ ಒಮ್ಮೆ ನಿಂತಿತು.

ಕೆರೆಯ ಕಡೆಯಿಂದ ಕಪ್ಪೆಗಳ ಸದ್ದೂ ಇರಲಿಲ್ಲ. ಸ್ಟೇರಿಂಗಿನ ಹಿಂದೆ ಕೆಂಪು ದೀಪ ಮಸುಕಾಗಿ ಹತ್ತಿಕೊಂಡಿತು. ಕೀ ನನ್ನ ಸೊಂಟದಲ್ಲಿತ್ತು.

ಆಮೇಲೆ... ತಪ್ ತಪ್ ತಪ್. ಮೊದಲಿಗಿಂತ ಜೋರಾಗಿ.

"ರಾಡು ಹಿಡೀರಿ," ಎಂದೆ. "ಅತ್ತಿಗೆ! ನನ್ನ ಮುಖ ನೋಡಿ. ಹಿಡೀರಿ."

ಅತ್ತಿಗೆ ಹಿಡಿದರು. ಮೈ ಭಾರವನ್ನೆಲ್ಲ ಹಾಕಿ ಮೀಟಿದರು. ನಾನು ನಟ್ಟು ಬಿಗಿದೆ. ಸ್ಪ್ಯಾನರು ಎರಡು ಸಲ ಜಾರಿ ಬೆರಳಿನ ಗೆಣ್ಣು ಕಿತ್ತುಬಂತು, ನೋವು ಗೊತ್ತಾಗಲಿಲ್ಲ. ಅಷ್ಟು ಹೊತ್ತೂ ಹಿಂದೆ ಮೂರು ಏಟು, ಬಿಡುವು. ಮೂರು ಏಟು, ಬಿಡುವು. ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಬಿಗಿಯಾಗಿತ್ತು.

ಸೆಲ್ಫ್ ತಿರುಗಿಸುವಷ್ಟು ಶಕ್ತಿ ಬ್ಯಾಟರಿಯಲ್ಲಿರಲಿಲ್ಲ. ತಳ್ಳಿಯೇ ಸ್ಟಾರ್ಟ್ ಮಾಡಬೇಕು. ಏರಿಯ ಮುಂದೆ ಇಳಿಜಾರಿತ್ತು, ಅಲ್ಲಿಯವರೆಗೆ ತಳ್ಳಿದರೆ ಸಾಕು. ಆದರೆ ಅತ್ತಿಗೆಗೆ ಓಡಿಸಲು ಬರುವುದಿಲ್ಲ. ತಳ್ಳಬೇಕಾದವರು ಅವರೇ. ಹಿಂದಿನ ಬಾಗಿಲಿಗೆ ಎದೆ ಕೊಟ್ಟು ತಳ್ಳಬೇಕು. ಅದರ ಇನ್ನೊಂದು ಪಕ್ಕದಲ್ಲೇ ಆ ಕೈ ಇತ್ತು.

ಬಾಯಿಬಿಟ್ಟು ಕೇಳಲು ನನಗೆ ಆಗಲಿಲ್ಲ. ಅತ್ತಿಗೆ ನನ್ನನ್ನೇ ನೋಡಿದರು. ಬಾಯಲ್ಲಿದ್ದುದನ್ನು ಉಗಿದು, ಸೆರಗನ್ನು ಸೊಂಟಕ್ಕೆ ಬಿಗಿದು ಕಟ್ಟಿಕೊಂಡರು.

"ಆ ಕುಂಕುಮದ ಮೀನು ನಂದು," ಎಂದರು. ಬಿಳಿ ಮೈಯ, ಹಣೆಯಲ್ಲಿ ಕೆಂಪು ಮಚ್ಚೆಯ ಮೀನಿಗೆ ಅವರು ಇಟ್ಟ ಹೆಸರು ಅದು. "ಅದನ್ನ ನಾನ್ ಸಾಯಾಕ್ ಬುಡಲ್ಲ. ನೀನ್ ಕೂತ್ಕೊ."

ಕತ್ತಲಲ್ಲಿ ಅವರ ಹವಾಯಿ ಚಪ್ಪಲಿಯ ಸದ್ದು ವ್ಯಾನಿನ ಪಕ್ಕದಲ್ಲೇ ಹಿಂದಕ್ಕೆ ಹೋಯಿತು. ಇವತ್ತಿಗೂ ಧೈರ್ಯ ಎಂದರೆ ನನಗೆ ನೆನಪಾಗುವುದು ಆ ಚಪ್ಪಲಿಯ ಸದ್ದು.

ನಾನು ಕೀ ಹಾಕಿ, ಎರಡನೇ ಗೇರಿಗೆ ತಂದು, ಕ್ಲಚ್ ಒತ್ತಿ ಕಾದೆ. ಅತ್ತಿಗೆ ದೇವರ ಹೆಸರುಗಳನ್ನು ಗಟ್ಟಿಯಾಗಿ ಹೇಳುತ್ತ ತಳ್ಳತೊಡಗಿದರು. ನೀರು ತುಂಬಿದ ವ್ಯಾನು, ಐವತ್ತು ದಾಟಿದ ಹೆಂಗಸು. ಅಲುಗುವುದೇ ಇಲ್ಲ ಎಂದುಕೊಂಡಿದ್ದೆ. ವ್ಯಾನು ಸಲೀಸಾಗಿ ಹೊರಟಿತು. ಇಳಿಜಾರು ನಾನು ಅಂದುಕೊಂಡದ್ದಕ್ಕಿಂತ ಹತ್ತಿರವಿತ್ತು ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ.

ದೇವರ ಹೆಸರು ನಡುವೆ ಒಂದು ಕಡೆ ತುಂಡಾಯಿತು. ಆಮೇಲೆ ಅತ್ತಿಗೆ ಒಂದು ಮಾತೂ ಆಡಲಿಲ್ಲ. ತಳ್ಳುವುದನ್ನೂ ನಿಲ್ಲಿಸಲಿಲ್ಲ.

ಕ್ಲಚ್ ಬಿಟ್ಟೆ. ವ್ಯಾನು ಜಗ್ಗಿತು, ಸೀನಿತು, ಹಿಡಿದುಕೊಂಡಿತು. ಆಕ್ಸಿಲರೇಟರ್ ಒತ್ತಿ ಹಿಡಿದೆ. ಕೆಂಪು ದೀಪ ಒಂದೆರಡು ಸಲ ಹೊಯ್ದಾಡಿ ಆರಿತು.

ಅದು ಆರಿದ ಗಳಿಗೆಗೇ ಬಡಿತವೂ ನಿಂತಿತು. ಹಿಂದೆ ಪಂಪು ಬುಳು ಬುಳು ಎಂದಿತು.

ಅತ್ತಿಗೆ ಓಡಿ ಬಂದು ಕೂತರು. ಮುಖದ ಮೇಲೆ ನೀರಿನ ಹನಿಗಳಿದ್ದವು. ಬೆವರು ಎಂದುಕೊಂಡೆ. ಪಾಚಿಯ ವಾಸನೆ ಬಂತು. ಎಷ್ಟೋ ದೂರ ಹೋದ ಮೇಲೆ ಒಂದೇ ಒಂದು ಮಾತು ಕೇಳಿದರು.

"ಇಂದ್ಗಡೆ ಬಾಗ್ಲು ನಾನ್ ಲಾಕ್ ಹಾಕಿದ್ದೆ ಅಲ್ವಾ?"

"ಹಾಕಿದ್ದೆ ಅಂದ್ರಲ್ಲ ನೀವೇ."

"ಊಂ."

ಬಾಡಿಗೆ ತೊಟ್ಟಿಯ ಹತ್ತಿರ ಹೋಗಿ ನೋಡಿದಾಗ ಲಾಕ್ ಹಾಕಿದಂತೆಯೇ ಇತ್ತು. ಮೀನುಗಳೆಲ್ಲ ಬದುಕಿದ್ದವು. ಡ್ರಮ್ಮಿನ ಸುತ್ತ ನೆಲವೆಲ್ಲ ಒದ್ದೆ, ಗಾಜಿನ ಕಪ್ಪು ಬಟ್ಟೆ ಒದ್ದೆ, ಚಾವಣಿಯಿಂದಲೂ ಹನಿ ಬೀಳುತ್ತಿತ್ತು. ಬೆಳಗಾಗುವವರೆಗೆ ನಾವಿಬ್ಬರೂ ತೊಟ್ಟಿಯ ಕಟ್ಟೆಯ ಮೇಲೆ ಮೈಗೆ ಮೈ ತಾಗಿಸಿ ಕೂತಿದ್ದೆವು.

ಹೆದರಿ ಗಾಡಿ ಮಾರಿದೆ ಎಂದುಕೊಂಡಿರಾ? ಮಾರಿಲ್ಲ. ಮರುದಿನವೇ ನವೀನನ ಹತ್ತಿರ ತೆಗೆದುಕೊಂಡು ಹೋದೆ. ಕೀ ಇಲ್ಲದೆ ದೀಪ ಹತ್ತಿದ್ದನ್ನೂ ಆ ಬಡಿತದ ಸದ್ದನ್ನೂ ಹೇಳಿದೆ. ಆಲ್ಟರ್ನೇಟರಿನ ಒಳಗೆ ಒಂದು ಭಾಗ ಸೋತಿದ್ದರೆ ಬ್ಯಾಟರಿಯ ಕರೆಂಟು ಹಿಂದಕ್ಕೆ ಸೋರಿ ಹಾಗೆ ಹತ್ತುತ್ತದಂತೆ. ಬಿಚ್ಚಿ ನೋಡಿದಾಗ ಅದು ನಿಜವೇ ಆಗಿತ್ತು. ಅದನ್ನು ಬದಲಾಯಿಸಿದ, ಹೊಸ ಬೆಲ್ಟು ಹಾಕಿದ. ಕೆಂಪು ದೀಪದ ಕತೆ ಅಲ್ಲಿಗೆ ಮುಗಿಯಿತು. ಈಗ ಇಂಜಿನ್ ಓಡುವಾಗ ಮೀಟರು ಹದಿನಾಲ್ಕು ವೋಲ್ಟಿನ ಆಸುಪಾಸು ತೋರಿಸುತ್ತದೆ. ಆಯುಧಪೂಜೆಗೆ ಹಾರ ಸ್ಟೇರಿಂಗಿಗೆ ಮಾತ್ರ.

"ಅಲ್ಲ ಅಕ್ಕ, ಆ ಸದ್ದೂ ಪಂಪಿಂದೇ ಇರ್ಬೇಕು," ಎಂದ ನವೀನ. "ಬ್ಯಾಟರಿ ಸೋತಾಗ ತಡೆದು ತಡೆದು ತಿರುಗುತ್ತೆ."

ಸರಿ, ಅದನ್ನೂ ನೋಡಿಬಿಡೋಣ ಎಂದು ಸೋತ ಬ್ಯಾಟರಿಗೆ ಪಂಪು ಕಟ್ಟಿ ಡ್ರಮ್ಮಿನಲ್ಲಿ ಬಿಟ್ಟೆ. ಗುಂಯ್ ಎಂದಿತೇ ಹೊರತು ತಪ್ ಎನ್ನಲಿಲ್ಲ. ನಾವು ರಾಡು ಮೀಟುವಾಗ ವ್ಯಾನು ಅಲುಗಿ ನೀರು ಹೊಯ್ದಾಡಿರಬೇಕು ಎಂದುಕೊಂಡು, ಡ್ರಮ್ ತುಂಬಿ ವ್ಯಾನು ಅಲುಗಾಡಿಸಿದೆ. ಕುಲುಕ್ ಎಂದಿತು. ಮೀನುಗಳೇ ಬಾಲ ಬಡಿದಿರಬೇಕು ಎಂದುಕೊಂಡೆ. ಮೀನು ಎಣಿಸಿ ಬಡಿಯುವುದಿಲ್ಲ. ದೀಪದ ಕಾರಣವನ್ನು ಹುಡುಕಿದ ಹಾಗೆ ಆ ಕೈಯ ಕಾರಣವನ್ನೂ ಒಂದೊಂದಾಗಿ ಹುಡುಕಿದೆ. ಸಿಕ್ಕಿಲ್ಲ.

ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಹೊಸ ತೊಟ್ಟಿಗೆ ಮೀನು ಹೊಂದಿಕೊಂಡ ಮೇಲೆ ಒಂದು ಸಂಜೆ ತಿಂಡಿ ಹಾಕಲು ಕೂತೆ. ನೀರಿಗೆ ಎರಡು ಏಟು ಹಾಕಿದೆ. ತಪ್ ತಪ್. ಒಂದು ಮೀನೂ ಮೇಲೆ ಬರಲಿಲ್ಲ. ಜಾಗ ಹೊಸದು, ಅದಕ್ಕೇ ಎಂದುಕೊಂಡೆ. ಮರುದಿನವೂ ಬರಲಿಲ್ಲ. ಅದರ ಮರುದಿನವೂ ಅಷ್ಟೇ. ಅಪ್ಪನ ಕಾಲದಿಂದ ಆ ಎರಡು ಏಟಿಗೆ ಓಡಿ ಬರುತ್ತಿದ್ದ ಮೀನುಗಳು ತಳದಲ್ಲಿ ಕಲ್ಲಿನ ಹಾಗೆ ನಿಂತಿದ್ದವು.

ನನ್ನ ಕೈ ನೀರಿನ ಮೇಲೇ ಇತ್ತು. ಬೇಡ ಬೇಡ ಎನ್ನುತ್ತಲೇ ಇನ್ನೊಂದು ಏಟು ಸೇರಿಸಿದೆ. ಮೂರು.

ಎಲ್ಲವೂ ಒಟ್ಟಿಗೆ ಮೇಲೆ ಬಂದವು. ಕುಂಕುಮದ ಮೀನು ಎಲ್ಲಕ್ಕಿಂತ ಮುಂದೆ. ಬಾಯಿ ತೆರೆದುಕೊಂಡಿತ್ತು... ಆದರೆ ನನ್ನ ಕಡೆಗಲ್ಲ. ನನ್ನ ಭುಜದಾಚೆ, ನನ್ನ ಬೆನ್ನ ಹಿಂದೆ ಯಾರೋ ಬಗ್ಗಿ ನಿಂತಿರುವ ಹಾಗೆ, ಅಲ್ಲಿಗೆ.

ನಾನು ತಿರುಗಿ ನೋಡಲಿಲ್ಲ.

ಅಂದಿನಿಂದ ನಾನು ಮೂರು ಏಟು ಹಾಕಿಲ್ಲ, ಹಾಕುವುದೂ ಇಲ್ಲ. ಎರಡು ಮಳೆಗಾಲ ಕಳೆದವು. ಮೀನುಗಳು ದೋಣಿಗಳಂತೆ ಬೆಳೆದಿವೆ ಎಂದು ಹೊಗಳಿಕೊಳ್ಳಲಾರೆ, ಆದರೆ ಚೆನ್ನಾಗಿವೆ, ಮೊಟ್ಟೆಯಿಡುತ್ತಿವೆ, ಕಸುಬು ನಡೆಯುತ್ತಿದೆ. ನಾನು ಹಾಕಿದ ತಿಂಡಿಯನ್ನು ನಾನು ಎದ್ದುಹೋದ ಮೇಲೆ ತಿನ್ನುತ್ತವೆ. ಕೆಲವು ಸಂಜೆ ತೊಟ್ಟಿಯ ಹತ್ತಿರ ಹೋಗುವಷ್ಟರಲ್ಲಿ ಅವು ಆಗಲೇ ಒಂದು ಮೂಲೆಯಲ್ಲಿ ಗುಂಪುಗೂಡಿ ಬಾಯಿ ತೆರೆದು ನಿಂತಿರುತ್ತವೆ. ಕಟ್ಟೆಯ ಮೇಲೆ ಯಾರೂ ಇರುವುದಿಲ್ಲ. ಸಿಮೆಂಟು ಮಾತ್ರ ಒದ್ದೆಯಾಗಿರುತ್ತದೆ.

ಕೂಲಿ ಕೊಡುವುದಿಲ್ಲ ಎಂದು ಆ ರಾತ್ರಿ ಬಾಯಿಬಿಟ್ಟು ಹೇಳಿದ್ದೆ. ಈಗಲೂ ಅದೇ ಮಾತು. ಆ ಮೂಲೆಗೇ ಹೋಗಿ, ಆ ಒದ್ದೆ ಜಾಗದಲ್ಲೇ ಮಂಡಿಯೂರಿ ಕೂತು, ಎರಡೇ ಏಟು ಹಾಕುತ್ತೇನೆ. ಇವು ನನ್ನ ಮೀನು ಎಂದು ಗಟ್ಟಿಯಾಗಿ ಹೇಳುತ್ತೇನೆ.

ಆಮೇಲೆ ಕೈ ನೀರಿನ ಮೇಲಿಟ್ಟುಕೊಂಡು ಕಾಯುತ್ತೇನೆ, ಮೂರನೆಯ ಏಟು ಬೇರೆ ಯಾರಾದರೂ ಹಾಕುತ್ತಾರೇನೋ ಎಂದು.